ಭಾನುವಾರದ ಬೈ-ಟು

ಗೋವಿಂದರಾಜನಗರ
21 ಜನವರಿ 2024, ಭಾನುವಾರ

ಪ್ರೀತಿಯ ಸ್ಪಂದನಾಗೆ,

ಮಾತಾಡಿಕೊಂಡ ಹಾಗೆ ಮೊದಲ ಕಾಗದ ನನ್ನದು. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು, ನಿಮ್ದು?" ಎಂಬಲ್ಲಿಗೆ ನಿಂತುಬಿಡುತ್ತೇವೆ ಎಂದು ನೀನು ಏರ್‌ಪೋರ್ಟಿನಲ್ಲಿ ಹೇಳಿದ್ದು ನಿಜ. ಅದಕ್ಕೇ ಹಾಳೆಯ ಮೇಲೆ ಬರೆದು, ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಿದ್ದೇನೆ. ನೀನೂ ಕೈಯಲ್ಲೇ ಬರೆಯಬೇಕು. ನೀನಿದ್ದಾಗ ಭಾನುವಾರ ಹೊರಗೆ ಊಟ ಮಾಡುತ್ತಿದ್ದೆವು, ಈಗಲೂ ಮಾಡೋಣ. ನಾನು ಇಲ್ಲಿ, ನೀನು ಅಲ್ಲಿ. ತಿಂದದ್ದನ್ನು ತಿಂದ ಹಾಗೆ ಬರೆಯಬೇಕು, ಹೆಚ್ಚು ಕಮ್ಮಿ ಮಾಡಬಾರದು.

ಇವತ್ತು ಮಾಗಡಿ ರಸ್ತೆಯ ನಮ್ಮ ಮಿಲಿಟರಿ ಹೋಟೆಲಿಗೇ ಹೋಗಿದ್ದೆ. ಮುದ್ದೆ, ಕಾಲು ಸೂಪು, ಒಂದು ಪ್ಲೇಟ್ ಬೋಟಿ. ಸೂಪಿನಲ್ಲಿ ಮೆಣಸು ಚೆನ್ನಾಗಿ ಬಿದ್ದಿತ್ತು. ಬೋಟಿ ಸ್ವಲ್ಪ ಗಟ್ಟಿಯಿತ್ತು. ಬಡಿಸುವ ಕಿಟ್ಟಿ ನಿನ್ನನ್ನು ಕೇಳಿದ.

"ಎಲ್ಲಿ ಸಾರ್ ಮಗಳು?"

"ಇಟಲಿಗೆ ಹೋಗಿದಾಳೆ. ಪೀಣ್ಯದಲ್ಲಿ ಅವಳ ಫ್ಯಾಕ್ಟರಿಗೆ ಹೊಸ ಪ್ಯಾಕಿಂಗ್ ಮೆಷಿನ್ ಬರತ್ತೆ, ಅದನ್ನ ಕಲಿಯೋಕೆ."

"ಅಲ್ಲಿ ಮುದ್ದೆ ಸಿಗತ್ತಾ?"

"ಇಲ್ಲಪ್ಪ."

"ಮತ್ಯಾಕೆ ಸಾರ್ ಕಳಿಸಿದ್ರಿ?"

ನಾನು ಮೆನು ಕಾರ್ಡು ಎತ್ತಿಕೊಂಡೆ. ಈ ಹೋಟೆಲಿನ ಮೆನು ಕಾರ್ಡು ನಮ್ಮ ಕಾಮಾಕ್ಷಿಪಾಳ್ಯದ ಪ್ರೆಸ್ಸಿನಲ್ಲೇ ಅಚ್ಚಾದದ್ದು ಎಂದು ನಿನಗೆ ಗೊತ್ತಲ್ಲ. ಪ್ರೆಸ್ಸು ಮುಚ್ಚಿದ ಮೇಲೂ ಅವರು ಅದೇ ಕಾರ್ಡು ಇಟ್ಟುಕೊಂಡಿದ್ದಾರೆ, ಅಂಚು ಹರಿದಿದೆ. ಬೇರೆ ಕಡೆಯೆಲ್ಲ ಮೇಜಿನ ಮೇಲೆ ಆ ಚೌಕದ ಸ್ಟಿಕ್ಕರ್ ಬಂದಿದೆ, ಫೋನ್ ಹಿಡಿದರೆ ಮೆನು ಬರುತ್ತದೆ.

ಊಟದ ಮೇಲೆ ಎದುರಿನ ದರ್ಶಿನಿಯಲ್ಲಿ ಕಾಫಿ. ಬೈಯಬೇಡ, ಅರ್ಧ ಬಿಟ್ಟೆ.

ಸ್ವೆಟರ್ ಹಾಕಿಕೋ.

ನಿನ್ನ ಅಪ್ಪ,
ನಂಜುಂಡಪ್ಪ


ಬೊಲೋನ್ಯ
28 ಜನವರಿ, ಭಾನುವಾರ

ಅಪ್ಪ,

ಸ್ವೆಟರ್ ಹಾಕಿಕೊಂಡಿದ್ದೇನೆ, ಅದರ ಮೇಲೆ ಜಾಕೆಟ್ಟೂ. ಇಲ್ಲಿ ಬೆಳಿಗ್ಗೆ ಮಂಜು ಎಷ್ಟೆಂದರೆ ಬಸ್ಸು ನಿಂತ ಮೇಲೆ ಅದರ ನಂಬರ್ ಕಾಣುತ್ತದೆ. ಆದರೆ ಊರಿನ ಫುಟ್‌ಪಾತಿಗೆಲ್ಲ ಕಮಾನಿನ ಮಾಡು ಇದೆ. ಬೀದಿಯಿಂದ ಬೀದಿಗೆ ನೆರಳಲ್ಲೇ ನಡೆಯಬಹುದು.

ಶಿವಕಿರಣ್ ಗೊತ್ತಲ್ಲ, ನಮ್ಮ ಅಸೆಂಬ್ಲಿ ವಿಭಾಗದವನು, ಕೆಂಗೇರಿ ಕಡೆಯವನು. ನನ್ನ ಜೊತೆ ಟ್ರೇನಿಂಗಿಗೆ ಬಂದಿದ್ದಾನೆ. ಇವತ್ತು ನಾವಿಬ್ಬರೂ ಹೋದದ್ದು ಒಂದು ಹಳೆಯ ಊಟದ ಹೋಟೆಲಿಗೆ. ಅಜ್ಜಿಯೊಬ್ಬರು ಗಲ್ಲಾದಲ್ಲಿ, ಮೊಮ್ಮಗಳು ಬಡಿಸುವುದಕ್ಕೆ. ಇಲ್ಲಿಯ ಹೆಸರಾದ ಅಡುಗೆ ತೊರ್ತೆಲ್ಲಿನಿ. ಬೆರಳ ತುದಿಯಷ್ಟು ಹಿಟ್ಟಿನ ಮಡಿಕೆ, ಒಳಗೆ ಹಂದಿ ಮಾಂಸ ಮತ್ತು ಚೀಸ್. ಅದನ್ನು ತಿಳಿಸಾರಿನಲ್ಲಿ ಹಾಕಿ ಕೊಡುತ್ತಾರೆ. ಸಾರು ಕೋಳಿ ಮತ್ತು ಮೂಳೆ ಬೇಯಿಸಿ ಇಳಿಸಿದ್ದು. ಮೊದಲ ಚಮಚಕ್ಕೆ ನಮ್ಮ ಕಾಲು ಸೂಪು ನೆನಪಾಯಿತು. ಮೆಣಸಿಲ್ಲ, ಖಾರವಿಲ್ಲ, ಆದರೂ ಹೊಟ್ಟೆಗೆ ಇಳಿಯುವುದು ಅದೇ ಬಿಸಿ. ಕಿಟ್ಟಿಗೆ ಹೇಳಿ, ಇದಕ್ಕೇ ಕಳಿಸಿದ್ದು ಅಂತ.

ಊಟದ ಕೊನೆಗೆ ಕಾಫಿ. ನಿಮಗೋಸ್ಕರ ಒಂದು ಪ್ರಯೋಗ ಮಾಡಿದೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿ ಕೊಡಿ, ನಮ್ಮೂರಲ್ಲಿ ಇದಕ್ಕೆ ಬೈ-ಟು ಅಂತಾರೆ ಎಂದು ಆ ಹುಡುಗಿಗೆ ಕೈಸನ್ನೆಯಲ್ಲಿ ಹೇಳಿದೆ. ಅವಳು ಅಜ್ಜಿಯನ್ನು ನೋಡಿದಳು, ಅಜ್ಜಿ ನನ್ನನ್ನು ನೋಡಿದರು. ಕೊನೆಗೆ ಬಂತು. ಇಲ್ಲಿಯ ಕಾಫಿಯೇ ಎರಡು ಗುಟುಕು. ಶಿವಕಿರಣ್ ತನ್ನ ಪಾಲನ್ನು ಬೆಳಕಿಗೆ ಹಿಡಿದು ನೋಡಿ, "ಸ್ಪಂದನಾ, ಇದು ಕಾಫಿನಾ ಇಲ್ಲ ಲೋಟ ತೊಳೆಯೋಕೆ ಮರೆತಿದಾರಾ?" ಅಂದ.

ನೀವು ಅರ್ಧ ಬಿಟ್ಟಿರಿ ಎಂದು ಓದಿ ಬೈದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಮ್ಮ ಇದ್ದಾಗ ನೀವಿಬ್ಬರೂ ಹೋಟೆಲಿನಲ್ಲಿ ಪೂರ್ತಿ ಕಾಫಿ ಹೇಳಿದ್ದನ್ನು ನಾನು ನೋಡಿಲ್ಲ. ಅಮ್ಮ ಹೋದ ಮೇಲೆ ನೀವು ಬೈ-ಟು ಎನ್ನುವುದನ್ನೇ ಬಿಟ್ಟಿರಿ. ಪೂರ್ತಿ ಹೇಳುತ್ತೀರಿ, ಅರ್ಧ ಬಿಡುತ್ತೀರಿ. ನಾನು ಹಂಚಿಕೊಳ್ಳೋಣ ಎಂದರೆ "ನೀನು ಪೂರ್ತಿ ಕುಡಿ ಪುಟ್ಟಿ" ಎನ್ನುತ್ತೀರಿ.

ಮುಂದಿನ ಸಲ ಪೂರ್ತಿ ಕುಡಿಯಿರಿ. ಇಲ್ಲವೇ ಚಿಕ್ಕ ಲೋಟದಲ್ಲಿ ಕೇಳಿ.

ನಿಮ್ಮ
ಸ್ಪಂದನಾ


ಗೋವಿಂದರಾಜನಗರ
18 ಫೆಬ್ರವರಿ, ಭಾನುವಾರ

ಪ್ರೀತಿಯ ಸ್ಪಂದನಾಗೆ,

ಕಾಗದ ತಡವಾಯಿತು. ಕಾರಣ ಅಂಥದ್ದೇನಿಲ್ಲ.

ಈ ತಿಂಗಳು ಮಿಲಿಟರಿ ಹೋಟೆಲಿಗೆ ಹೋಗುವುದು ಕಡಿಮೆಯಾಗಿದೆ. ಡಾಕ್ಟರು ಕೊಬ್ಬಿನ ಅಂಶ ಜಾಸ್ತಿಯಿದೆ, ತಿಂಗಳಿಗೊಮ್ಮೆ ಸಾಕು ಎಂದಿದ್ದರಲ್ಲ. ಮೊದಲ ಭಾನುವಾರ ಬಸವೇಶ್ವರನಗರಕ್ಕೆ ಕನ್ನಡಕ ರಿಪೇರಿಗೆ ಹೋದವನು ಅಂಗಡಿ ಪಕ್ಕದ ದರ್ಶಿನಿಯಲ್ಲಿ ಖಾಲಿ ದೋಸೆ ತಿಂದೆ. ಮೆತ್ತಗೆ, ತೂತು ತೂತಾಗಿ, ಹುಳಿ ಹದವಾಗಿತ್ತು. ಸಾಗುವಿನಲ್ಲಿ ಬಟಾಣಿ ಬೇರೆ, ಆಲೂಗಡ್ಡೆ ಬೇರೆ ಗೊತ್ತಾಗುತ್ತಿತ್ತು. ಇವತ್ತು ಮತ್ತೆ ಹೋಗಿದ್ದೆ. ಚಟ್ನಿಗೆ ಹುರಿಗಡಲೆ ಜಾಸ್ತಿ ಹಾಕಿ ತೆಂಗಿನಕಾಯಿ ಉಳಿಸುತ್ತಾರೆ, ಬೆಳಿಗ್ಗೆ ಬೇಗ ಹೋದರೆ ಚಟ್ನಿ ಚೆನ್ನಾಗಿರುತ್ತದೆ ಎಂದು ಅಲ್ಲಿ ಯಾರೋ ಹೇಳಿದರು. ಪರೀಕ್ಷೆ ಮಾಡಿದೆ. ನಿಜ.

ಕುಳಿತು ತಿನ್ನುವ ಜಾಗವಲ್ಲ, ಎತ್ತರದ ಮೇಜಿನ ಮುಂದೆ ನಿಂತೇ ತಿನ್ನಬೇಕು. ನನಗೆ ಅದೇನೂ ತೊಂದರೆಯಾಗಲಿಲ್ಲ.

ಕಾಫಿ ಚೆನ್ನಾಗಿತ್ತು. ಬಿಡಲಿಲ್ಲ.

ನಿನ್ನ ಅಪ್ಪ,
ನಂಜುಂಡಪ್ಪ


ಬೊಲೋನ್ಯ
3 ಮಾರ್ಚ್, ಭಾನುವಾರ

ಅಪ್ಪ,

ನೀವು, ಖಾಲಿ ದೋಸೆ, ಅದೂ ಎರಡೆರಡು ಭಾನುವಾರ. "ಭಾನುವಾರ ಸೊಪ್ಪು ತಿನ್ನೋಕೆ ನಾನೇನು ಮೇಕೆನಾ" ಎಂದವರು ನೀವೇ ತಾನೇ? ಶಿವಕಿರಣ್‌ಗೆ ಓದಿ ಹೇಳಿದೆ. "ನಿಮ್ಮಪ್ಪಂಗೆ ಏನೋ ಆಗಿದೆ, ಬೇಗ ಊರಿಗೆ ಹೋಗು" ಎಂದು ತಮಾಷೆ ಮಾಡಿದ. ಡಾಕ್ಟರ ಮಾತನ್ನು ಕೇಳುತ್ತಿದ್ದೀರಲ್ಲ, ನನಗೆ ಸಮಾಧಾನ.

ಇವತ್ತು ರೈಲಿನಲ್ಲಿ ಫೆರಾರ ಎಂಬ ಊರಿಗೆ ಹೋಗಿದ್ದೆವು. ಊರ ತುಂಬ ಸೈಕಲ್ಲು, ನಡುವೆ ನೀರಿನ ಕಂದಕದ ಕೋಟೆ. ಅಲ್ಲಿ ಹಿಟ್ಟಿನ ಮಡಿಕೆಯೊಳಗೆ ಸಿಹಿಗುಂಬಳಕಾಯಿ ತುಂಬುತ್ತಾರೆ, ಮೇಲೆ ಬೆಣ್ಣೆ. ಬಾಯಿಗಿಟ್ಟ ತಕ್ಷಣ ಅಮ್ಮ ಮಾಡುತ್ತಿದ್ದ ಕುಂಬಳಕಾಯಿ ಪಲ್ಯ, ಬೆಲ್ಲ ಹಾಕಿದ್ದು. ನಾನು ತಟ್ಟೆಯನ್ನು ದೂರ ತಳ್ಳುತ್ತಿದ್ದೆ, ನೆನಪಿದೆಯಾ? ಇವತ್ತು ತಟ್ಟೆ ಒರೆಸಿ ತಿಂದೆ.

ಚಟ್ನಿಯ ಗುಟ್ಟು ಹೇಳಿದವರು ಯಾರು?

ನಿಮ್ಮ
ಸ್ಪಂದನಾ


ಗೋವಿಂದರಾಜನಗರ
24 ಮಾರ್ಚ್, ಭಾನುವಾರ

ಪ್ರೀತಿಯ ಸ್ಪಂದನಾಗೆ,

ಬಿಸಿಲು ಜೋರಾಗಿದೆ. ನೀರಿಗೆ ಎಲ್ಲ ಕಡೆ ತೊಂದರೆ. ಹೋಟೆಲುಗಳಲ್ಲಿ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕೊಡುತ್ತಿದ್ದಾರೆ, ತೊಳೆಯುವ ನೀರು ಉಳಿಯಲಿ ಎಂದು. ಬಿಸಿ ಸಾಂಬಾರಿಗೆ ಅದು ಸರಿಯಲ್ಲ, ಆದರೆ ಬೇರೆ ದಾರಿಯೂ ಇಲ್ಲ.

ಇವತ್ತು ರಾಜಾಜಿನಗರದಲ್ಲಿ ಹಳೆಯ ಹೋಟೆಲೊಂದಕ್ಕೆ ಹೋಗಿದ್ದೆ. ಇಲ್ಲಿ ಕುಳಿತುಕೊಳ್ಳಬಹುದು. ಗೋಡೆಗೆ ಕನ್ನಡಿ, ಕಲ್ಲಿನ ಮೇಜು, ಮರದ ಕುರ್ಚಿ. ರವೆ ಇಡ್ಲಿಯ ಮೇಲೆ ಗೋಡಂಬಿ, ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ತುಪ್ಪ. ಆಮೇಲೆ ಒಂದು ಚೌಚೌ ಭಾತ್. ಖಾರಾಭಾತಿನಲ್ಲಿ ಹುರುಳಿಕಾಯಿ ಎಳೆಯದು. ಕೇಸರಿಭಾತಿನಲ್ಲಿ ಅನಾನಸ್ ಚೂರು ಇದ್ದವು, ತುಪ್ಪ ಕೈಗೆ ಅಂಟುವಷ್ಟು. ಒಂದು ಚೂರೂ ಉಳಿಯಲಿಲ್ಲ. ಕೊನೆಗೆ ಬೈ-ಟು ಕಾಫಿ ಕುಡಿದು, ನೆರಳು ನೋಡಿಕೊಂಡು ನಡೆದೇ ಮನೆಗೆ ಬಂದೆ.

ಎರಡು ಸಿಹಿಗುಂಬಳಕಾಯಿ ತಂದಿಟ್ಟಿದ್ದೇನೆ. ನೀನು ಬರೆದದ್ದನ್ನು ಓದಿ ತರಬೇಕೆನಿಸಿತು. ಪಲ್ಯ ಮಾಡಲು ನನಗೆ ಬರುವುದಿಲ್ಲ.

ನಿನ್ನ ಅಪ್ಪ,
ನಂಜುಂಡಪ್ಪ


ಬೊಲೋನ್ಯ
26 ಮಾರ್ಚ್

ಅಪ್ಪ,

ನಿಮಗೆ ಸಕ್ಕರೆ ಕಾಯಿಲೆ. ಕೇಸರಿಭಾತ್ ಯಾರು ತಿಂದರು?

ಒಬ್ಬರೇ ಹೋದವರು ಬೈ-ಟು ಹೇಳುವುದಿಲ್ಲ. ಇನ್ನೊಂದು ಲೋಟ ಯಾರದು?

ತಿಂದದ್ದನ್ನು ತಿಂದ ಹಾಗೆ ಬರೆಯಬೇಕು ಎಂದವರು ನೀವು.

ಸ್ಪಂದನಾ


ಗೋವಿಂದರಾಜನಗರ
31 ಮಾರ್ಚ್, ಭಾನುವಾರ

ಪ್ರೀತಿಯ ಸ್ಪಂದನಾಗೆ,

ಕೇಸರಿಭಾತ್ ತಿಂದವರು ಅಂಬುಜಾ. ಇನ್ನೊಂದು ಲೋಟವೂ ಅವರದೇ. ಚಟ್ನಿಯ ವಿಷಯ ಹೇಳಿದವರೂ ಅವರೇ.

ಅವರು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದು ರಿಟೈರ್ ಆದವರು. ಬಸವೇಶ್ವರನಗರದಲ್ಲಿ ಮನೆ. ಮದುವೆಯಾಗಲಿಲ್ಲ, ತಾಯಿಯನ್ನು ನೋಡಿಕೊಂಡು ಇದ್ದರು. ತಾಯಿ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ಇಬ್ಬರೂ ದಿನಾ ಆ ದರ್ಶಿನಿಗೆ ಹೋಗಿ ಬೈ-ಟು ಕುಡಿಯುತ್ತಿದ್ದರಂತೆ.

ಕನ್ನಡಕಕ್ಕೆ ಹೋದ ದಿನ ನಾನು ಕಾಫಿ ಕೌಂಟರಿನ ಮುಂದೆ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಅಭ್ಯಾಸಬಲದಿಂದ "ಬೈ-ಟು ಕೊಡಪ್ಪ" ಎಂದುಬಿಟ್ಟರು. ಅವನು ಹಂಚಿ ಎರಡು ಲೋಟ ಇಟ್ಟ. ಅವರು ಎರಡು ಕೈಯಲ್ಲಿ ಎರಡು ಲೋಟ ಎತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಸಾರ್, ತಪ್ಪು ಹೇಳ್ಬಿಟ್ಟೆ. ಪೂರ್ತಿ ಕುಡಿದ್ರೆ ನನಗೆ ನಿದ್ದೆ ಬರಲ್ಲ. ಇದನ್ನ ನೀವು ತಗೋತೀರಾ? ನಾನು ಮುಟ್ಟಿಲ್ಲ."

"ನಾನೂ ಅರ್ಧಾನೇ ಕುಡಿಯೋದು" ಎಂದೆ.

"ಹಂಗಾದ್ರೆ ಲೆಕ್ಕ ಸರಿಹೋಯ್ತು ಬಿಡಿ" ಎಂದರು.

ಇದಿಷ್ಟೇ ಆರಂಭ. ಆಮೇಲೆ ಭಾನುವಾರಗಳಲ್ಲಿ ಸಿಗುತ್ತಿದ್ದೇವೆ. ಅವರು ಮಾಂಸ ತಿನ್ನುವುದಿಲ್ಲ, ಹಾಗಾಗಿ ನಾನು ಆ ಹೋಟೆಲುಗಳಿಗೆ ಹೋಗುತ್ತೇನೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ಕಾರಣವೂ ಅದಲ್ಲ. ತಿನ್ನುತ್ತೇವೆ, ಮಾತಾಡುತ್ತೇವೆ. ನಾನು ಅಚ್ಚು ಹಾಕಿದ ಮೆನು ಕಾರ್ಡುಗಳ ಬಗ್ಗೆ ಕೇಳುತ್ತಾರೆ. ನಿನ್ನ ಕಾಗದಗಳಲ್ಲಿ ಊಟದ ಭಾಗವನ್ನು ಓದಿ ಹೇಳಿದ್ದೇನೆ. ಇದಕ್ಕಿಂತ ಮುಂದಕ್ಕೆ ಏನು ಎಂದು ನಾನೂ ಕೇಳಿಲ್ಲ, ಅವರೂ ಕೇಳಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಏನೆನ್ನುತ್ತೀಯೋ ಎಂದು. ಇಷ್ಟು ದೂರದಲ್ಲಿ ಒಬ್ಬಳೇ ಕುಳಿತು ನೀನು ಬೇಜಾರು ಮಾಡಿಕೊಳ್ಳುವುದು ಬೇಡ ಎಂದು. ನಿನಗೆ ಇದು ಬೇಡವೆಂದರೆ ನಿಲ್ಲಿಸುತ್ತೇನೆ. ನನಗೆ ಉಳಿದಿರುವವಳು ನೀನೊಬ್ಬಳು.

ನಿನ್ನ ಅಪ್ಪ,
ನಂಜುಂಡಪ್ಪ


ಗೋವಿಂದರಾಜನಗರ
21 ಏಪ್ರಿಲ್, ಭಾನುವಾರ

ಪ್ರೀತಿಯ ಸ್ಪಂದನಾಗೆ,

ನಿನ್ನ ಕಾಗದ ಬರಲಿಲ್ಲ. ಫೋನಿನಲ್ಲಿ ಮತ್ತೆ "ಊಟ ಆಯ್ತಾ" ಎಂಬಲ್ಲಿಗೇ ಬಂದು ನಿಂತಿದ್ದೇವೆ. ನಾನೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಯುಗಾದಿಗೆ ಕೆಂಗೇರಿಗೆ, ನಿನ್ನ ರಾಮಮ್ಮತ್ತೆಯ ಮನೆಗೆ ಹೋಗಿದ್ದೆ. ಅಕ್ಕನಿಗೆ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಹೋಳಿಗೆ ಬಡಿಸುತ್ತಲೇ ಶುರುಮಾಡಿದಳು.

"ಏನೋ ನಂಜುಂಡ, ಯಾರೋ ಹೆಂಗ್ಸಿನ ಜೊತೆ ನಿಂತ್ಕೊಂಡು ಕಾಫಿ ಕುಡೀತಿದ್ಯಂತೆ?"

"ಅಲ್ಲಿ ಕುರ್ಚಿ ಇಲ್ಲ ಅಕ್ಕ."

"ತಮಾಷೆ ಬೇಡ. ಬೆಳೆದ ಮಗಳಿದಾಳೆ ಮನೇಲಿ. ಅವಳಿಗೇನು ಹೇಳ್ತೀಯ?"

"ಹೇಳಿದೀನಿ."

"ಏನಂದ್ಲು?"

"ಇನ್ನೂ ಏನೂ ಅಂದಿಲ್ಲ" ಎಂದೆ. ಅಕ್ಕ ತುಪ್ಪ ಹಾಕುವುದನ್ನು ಮರೆತು ಒಳಗೆ ಹೋದಳು.

ಅಂಬುಜಾ ಅವರಿಗೆ ಫೋನ್ ಮಾಡಿ, ಮಗಳು ಊರಿಗೆ ಬರುವವರೆಗೆ ಸಿಗುವುದು ಬೇಡ ಎಂದೆ. "ಸರಿ ಸಾರ್, ಅವರ ಮನಸ್ಸು ಮುಖ್ಯ" ಎಂದರು.

ಈ ಭಾನುವಾರ ಹೊರಗೆ ಹೋಗಲಿಲ್ಲ. ಮನೆಯಲ್ಲೇ ಅನ್ನ, ಸಾರು. ಹಾಗಾಗಿ ಊಟದ ಬಗ್ಗೆ ಬರೆಯಲು ಏನೂ ಇಲ್ಲ. ಒಂದು ಕುಂಬಳಕಾಯಿ ಕೆಟ್ಟಿತು. ಇನ್ನೊಂದು ಚೆನ್ನಾಗಿದೆ.

ನಿನ್ನ ಅಪ್ಪ,
ನಂಜುಂಡಪ್ಪ


ಬೊಲೋನ್ಯ
12 ಮೇ, ಭಾನುವಾರ

ಅಪ್ಪ,

ಬರೆಯದೆ ಇದ್ದದ್ದು ಕೋಪಕ್ಕೆ. ಮೊದಲು ನೀವು ಮುಚ್ಚಿಟ್ಟಿರಿ ಎಂದು ಕೋಪ. ಅದು ಎರಡು ದಿನಕ್ಕೆ ಇಳಿಯಿತು. ಆಮೇಲೆ ಉಳಿದದ್ದು ಬೇರೆ. ಬೈ-ಟು ಅಮ್ಮನದು ಎಂದುಕೊಂಡಿದ್ದೆ. ಅಮ್ಮನ ಸೀರೆಗಳು ಬೀರುವಿನಲ್ಲಿ ಇರುವ ಹಾಗೆ ಅದೂ ಎಲ್ಲೋ ಮಡಿಸಿಟ್ಟಿರುತ್ತದೆ, ಯಾರೂ ತೆಗೆಯುವುದಿಲ್ಲ ಎಂದುಕೊಂಡಿದ್ದೆ. ಇನ್ನೊಬ್ಬರ ಕೈಯಲ್ಲಿ ಆ ಅರ್ಧ ಲೋಟ ಇದೆ ಎಂದು ಓದಿದಾಗ ತಡೆಯಲಾಗಲಿಲ್ಲ. ನಿಮಗೆ ಬರೆಯಲು ಕುಳಿತು ಎರಡು ಸಲ ಹರಿದು ಹಾಕಿದೆ.

ಶಿವಕಿರಣ್ ಕಳೆದ ತಿಂಗಳ ಕೊನೆಗೆ ಊರಿಗೆ ಹೊರಟ. ಇವತ್ತು ಮೊದಲ ಸಲ ಒಬ್ಬಳೇ ಆ ಅಜ್ಜಿಯ ಹೋಟೆಲಿಗೆ ಹೋದೆ. ಇಲ್ಲಿ ಮೇಜುಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿರುತ್ತಾರೆ. ಎದುರುಬದುರು ಎರಡು ತಟ್ಟೆ, ಎರಡು ಲೋಟ, ಎರಡು ಮಡಿಸಿದ ಬಟ್ಟೆ. ನಾನು ಕುಳಿತೆ. ಮೊಮ್ಮಗಳು ಬಂದು "ಒಬ್ಬರೇನಾ?" ಎಂದು ಕೇಳಿದಳು. ಹೌದೆಂದೆ. ಅವಳು ಎದುರಿನ ತಟ್ಟೆ ಎತ್ತಿದಳು, ಅದರ ಮೇಲೆ ಲೋಟ ಇಟ್ಟಳು, ಚಾಕು, ಮುಳ್ಳು ಚಮಚ, ಬಟ್ಟೆ ಎಲ್ಲ ಪೇರಿಸಿಕೊಂಡು ಹೋದಳು. ಬೇಕೆಂದು ಮಾಡಿದ್ದಲ್ಲ, ಎಲ್ಲರಿಗೂ ಹಾಗೇ ಮಾಡುತ್ತಾರೆ. ಆದರೆ ನನ್ನ ಎದುರಿಗೆ ಬರಿಯ ಮೇಜು ಉಳಿಯಿತು.

ಅಗಲದ ಶ್ಯಾವಿಗೆಯಂಥದ್ದನ್ನು ಮಾಂಸದ ಗೊಜ್ಜಿನಲ್ಲಿ ಕಲಸಿ ಕೊಡುತ್ತಾರೆ. ಈ ಊರಲ್ಲಿ ನಾನು ತಿಂದದ್ದರಲ್ಲೆಲ್ಲ ಇದು ಒಳ್ಳೆಯ ಊಟ ಎಂದು ನನಗೆ ಗೊತ್ತಿತ್ತು. ಹಾಗಂತ ಹೇಳಲು ಯಾರೂ ಇರಲಿಲ್ಲ. ಅರ್ಧಕ್ಕೆ ಹೊಟ್ಟೆ ತುಂಬಿತು, ತಟ್ಟೆಯನ್ನು ತಳ್ಳೋಣವೆಂದರೆ ಆ ಕಡೆ ಯಾರೂ ಇಲ್ಲ. ಕಾಫಿ ಬಂತು, ಅದೇ ಎರಡು ಗುಟುಕಿನ ಕಾಫಿ. ಒಂದು ಗುಟುಕು ಕುಡಿದು ಒಂದು ಬಿಟ್ಟೆ.

ಬಿಟ್ಟ ಮೇಲೆ ಆ ಲೋಟವನ್ನು ನೋಡಿದೆ. ನಿಮ್ಮನ್ನು ನಾನು ಎಷ್ಟು ಸಲ ಬೈದಿದ್ದೇನೆ ಅಪ್ಪ, ಪೂರ್ತಿ ಯಾಕೆ ಹೇಳ್ತೀರಿ, ಯಾಕೆ ಬಿಡ್ತೀರಿ ಎಂದು. ನಾನು ಒಂದು ಮಧ್ಯಾಹ್ನ ಮಾಡಿದ್ದನ್ನು ನೀವು ಅಮ್ಮ ಹೋದಾಗಿನಿಂದ ಮಾಡುತ್ತಿದ್ದಿರಿ. ಪಕ್ಕದಲ್ಲೇ ಕುಳಿತು ನನ್ನದನ್ನು ಪೂರ್ತಿ ಕುಡಿಯುತ್ತಿದ್ದ ನನಗೆ ಅದು ಗೊತ್ತಾಗಲಿಲ್ಲ.

ನನಗೆ ಬೇಡ ಎಂದು ನಾನು ಹೇಳುವುದಿಲ್ಲ. ಬೇಕು ಎಂದು ಹೇಳಲು ಅವರನ್ನು ನೋಡಬೇಕು. ಜೂನ್ ಎಂಟಕ್ಕೆ ಬರುತ್ತೇನೆ, ಮರುದಿನ ಭಾನುವಾರ. ಬೆಳಿಗ್ಗೆ ಬಸವೇಶ್ವರನಗರ, ಬೇಗ ಹೋಗೋಣ, ಚಟ್ನಿ ಚೆನ್ನಾಗಿರುತ್ತದಂತಲ್ಲ. ಮಧ್ಯಾಹ್ನ ನೀವೂ ನಾನೂ ಕಿಟ್ಟಿಯ ಹತ್ತಿರ, ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಕಾಫಿ ಟೂ ಬೈ ತ್ರೀ ಹೇಳಿ. ಎರಡು ಕಾಫಿ, ಮೂರು ಲೋಟ. ಈ ಸಲ ನನಗೂ ಪೂರ್ತಿ ಬೇಡ.

ರಾಮಮ್ಮತ್ತೆಗೆ ನಾನು ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ಕೂರಬೇಡಿ.

ನಿಮ್ಮ
ಸ್ಪಂದನಾ


ಗೋವಿಂದರಾಜನಗರ
19 ಮೇ, ಭಾನುವಾರ

ಪ್ರೀತಿಯ ಸ್ಪಂದನಾಗೆ,

ನಿನ್ನ ಕಾಗದವನ್ನು ಅಂಗಳದಲ್ಲಿ ನಿಂತು ಓದಿದೆ. ಆಮೇಲೆ ಒಳಗೆ ಬಂದು ಕುಳಿತು ಓದಿದೆ.

ಇವತ್ತು ಬಸವೇಶ್ವರನಗರಕ್ಕೆ ಹೋಗಿದ್ದೆ. ರಾತ್ರಿ ಮಳೆ ಬಿದ್ದು ರಸ್ತೆ ತಣ್ಣಗಿತ್ತು. ಖಾಲಿ ದೋಸೆ ಮೊದಲಿನಂತೆಯೇ ಚೆನ್ನಾಗಿದೆ. ಸಾಗುವಿಗೆ ಇವತ್ತು ಕ್ಯಾರೆಟ್ ಸೇರಿಸಿದ್ದರು, ಬೇಕಿರಲಿಲ್ಲ. ಅಂಬುಜಾ ಅವರು ಬಂದಿದ್ದರು. ನೀನು ಬರುವ ವಿಷಯ ಹೇಳಿದೆ. ದೋಸೆಯನ್ನು ಚೂರು ಮಾಡುತ್ತಾ ಕೇಳಿದರು.

"ಅವರು ನನ್ನನ್ನ ಏನಾದ್ರೂ ಕೇಳ್ತಾರಾ?"

"ಕೇಳಬಹುದು. ಅವಳು ಎಲ್ಲಾನೂ ಗಮನಿಸ್ತಾಳೆ. ಕೇಸರಿಭಾತಿನಲ್ಲೇ ಹಿಡಿದ್ಲಲ್ಲ."

"ನಾನಿನ್ನು ಕೇಸರಿಭಾತ್ ತಿನ್ನೋದೇ ಬಿಡ್ತೀನಿ ಸಾರ್" ಎಂದರು. ಬಿಡುವ ಲಕ್ಷಣ ಕಾಣಲಿಲ್ಲ.

ನಿನ್ನ ಕುಂಬಳಕಾಯಿಯ ವಿಷಯವನ್ನೂ ಹೇಳಿದೆ. ಪಲ್ಯ ಮಾಡಿ ತರಲೇ ಎಂದರು. ಬೇಡ, ಮಾಡುವುದನ್ನು ನನಗೆ ಹೇಳಿಕೊಡಿ, ನಾನೇ ಮಾಡುತ್ತೇನೆ ಎಂದೆ. ಬೆಲ್ಲ ಕೊನೆಯಲ್ಲಿ ಹಾಕಬೇಕಂತೆ.

ಆಮೇಲೆ ಕಾಫಿ ಕೌಂಟರಿಗೆ ಹೋದೆವು. ಬರುವ ತಿಂಗಳು ಮಗಳು ಬರುತ್ತಾಳೆ, ಒಂದು ಭಾನುವಾರ ಟೂ ಬೈ ತ್ರೀ ಬೇಕಾಗುತ್ತದೆ ಎಂದು ಕಾಫಿ ಹಾಕುವವನಿಗೆ ಮುಂಚೆಯೇ ಹೇಳಿದೆ. ಅವನು ನಕ್ಕ.

"ಅದಕ್ಕೆಲ್ಲ ಯಾರಾದ್ರೂ ಬುಕಿಂಗ್ ಮಾಡ್ತಾರಾ ಸಾರ್? ಆದ್ರೆ ಹೇಳಿರ್ತೀನಿ, ಎರಡನ್ನ ಮೂರು ಮಾಡೋದು ಕಷ್ಟ. ಒಂದು ಲೋಟಕ್ಕೆ ಸ್ವಲ್ಪ ಜಾಸ್ತಿ ಬಿದ್ದೇ ಬೀಳತ್ತೆ."

ನಾನು ಏನೋ ಹೇಳುವಷ್ಟರಲ್ಲಿ ಅಂಬುಜಾ ಅವರೇ ಹೇಳಿದರು. "ಬೀಳ್ಲಿ ಬಿಡಪ್ಪ. ಜಾಸ್ತಿ ಬಿದ್ದಿದ್ದನ್ನ ಅವಳ ಮುಂದೆ ಇಡು."

ಅವನು ನಮ್ಮಿಬ್ಬರನ್ನೂ ನೋಡಿ, ನಾವು ಕೇಳುವ ಮೊದಲೇ ಎರಡು ಅರ್ಧ ಲೋಟ ಇಟ್ಟ. ಬಿಸಿ ಚೆನ್ನಾಗಿತ್ತು. ಬಿಡಲಿಲ್ಲ.

ನಿನ್ನ ಅಪ್ಪ,
ನಂಜುಂಡಪ್ಪ